ಗೊತ್ತಿಲ್ಲದ್ದರ ಪಟ್ಟಿ

ಬೈಲಹೊಂಗಲ
11 ಆಗಸ್ಟ್ 2024

ಇಸ್ಮಾಯಿಲ ಕಾಕಾ ಅವರಿಗೆ,

ಫೋನಿನ ಮಾತು ನಿಮ್ಮ ಕಿವಿಗೆ ಈಗ ಸಿಗುವುದಿಲ್ಲವೆಂದು ಅಪ್ಪ ಹೇಳಿದ. ಅದಕ್ಕೇ ಈ ಕಾಗದ. ನಾನು ಮುನವಳ್ಳಿಯ ಲಗಮಪ್ಪನ ಮಗಳು ಪ್ರಜ್ಞಾ. ಐದನೇ ಇಯತ್ತೆ ಮುಗಿಸಿದಾಗ ನನ್ನ ವಸತಿ ಶಾಲೆಯ ಅರ್ಜಿಯನ್ನು ನೀವು ಸವದತ್ತಿ ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಕುಳಿತು ಬರೆದುಕೊಟ್ಟಿದ್ದಿರಿ. ಅದರ ಬಲದಿಂದಲೇ ಎಂ.ಎಸ್ಸಿ.ವರೆಗೆ ಬಂದೆ. ಈಗ ಇಲ್ಲಿ ಮಣ್ಣು ಪರೀಕ್ಷೆ ಮಾಡುವ ಒಂದು ಖಾಸಗಿ ಲ್ಯಾಬಿನಲ್ಲಿದ್ದೇನೆ. ರೈತರು ಪ್ಲಾಸ್ಟಿಕ್ ಚೀಲದಲ್ಲಿ ಮಣ್ಣು ತರುತ್ತಾರೆ, ಅದರಲ್ಲಿ ಉಪ್ಪೆಷ್ಟು, ಸುಣ್ಣವೆಷ್ಟು ಎಂದು ನಾನು ಬರೆದುಕೊಡುತ್ತೇನೆ.

ಈಗ ನನಗೆ ಇನ್ನೊಂದು ಅರ್ಜಿ ಬೇಕಾಗಿದೆ. ಪಿಎಚ್.ಡಿ. ಮಾಡುವವರಿಗೆ ಸರಕಾರ ಶಿಷ್ಯವೇತನ ಕೊಡುವ ಪರೀಕ್ಷೆಯೊಂದಿದೆ. ನಾಲ್ಕನೆಯ ಸಲಕ್ಕೆ ಪಾಸಾದೆ. ಆದರೆ ಮುಂದಿನ ಜೂನ್ ಮೂವತ್ತರೊಳಗೆ ಯಾರಾದರೂ ಒಬ್ಬ ಪ್ರೊಫೆಸರು ನನ್ನನ್ನು ತಮ್ಮ ಸಂಶೋಧನೆಗೆ ತೆಗೆದುಕೊಳ್ಳಬೇಕು. ತೆಗೆದುಕೊಳ್ಳದಿದ್ದರೆ ಶಿಷ್ಯವೇತನದ ಪತ್ರ ರದ್ದಾಗುತ್ತದೆ. ಐದನೆಯ ಸಲ ಓದುವ ಶಕ್ತಿ ನನಗಿಲ್ಲ ಕಾಕಾ.

ಹನ್ನೊಂದು ಜನರಿಗೆ ಇ-ಮೇಲ್ ಕಳಿಸಿದೆ. ನನಗೆ ಆಸಕ್ತಿಯಿದೆ, ಅಂಕಪಟ್ಟಿ ಲಗತ್ತಿಸಿದ್ದೇನೆ ಎಂದು ಎರಡು ಸಾಲು ಬರೆದಿದ್ದೆ. ಒಬ್ಬರೂ ಉತ್ತರಿಸಲಿಲ್ಲ. ಅಪ್ಪ ನಕ್ಕ. "ನೀ ಬರದರ ಯಾರ ಓದತಾರವಾ? ಇಸ್ಮಾಯಿಲಸಾಬರ ಕಡಿಂದ ಬರಸು. ಅವರ ಅರ್ಜಿ ಓದಿ ಸಾಹೇಬರ ಕಣ್ಣಾಗ ನೀರ ಬಂದಾವ."

ಯಾವ ಯಾವ ಸಂಸ್ಥೆಯಲ್ಲಿ ಯಾವ ವಿಷಯಕ್ಕೆ ಜಾಗ ಖಾಲಿಯಿದೆ ಎಂಬುದನ್ನು ಇಂಟರ್‌ನೆಟ್ಟಿನಿಂದ ತೆಗೆದು ಇದರ ಜೊತೆ ಇಟ್ಟಿದ್ದೇನೆ. ಎಲ್ಲ ವಿಜ್ಞಾನದವೂ ಕಲೆತುಹೋಗಿವೆ. ನೀವು ಕನ್ನಡದಲ್ಲಿ ಒಕ್ಕಣೆ ಮಾಡಿಕೊಟ್ಟರೆ ನಾನು ಇಂಗ್ಲಿಷಿಗೆ ತಂದುಕೊಳ್ಳುತ್ತೇನೆ.

ನಿಮ್ಮ
ಪ್ರಜ್ಞಾ


ಸವದತ್ತಿ
19 ಆಗಸ್ಟ್ 2024

ಚಿರಂಜೀವಿ ಪ್ರಜ್ಞಾಗೆ ಇಸ್ಮಾಯಿಲಸಾಬನ ದುವಾ.

ನಿನ್ನ ಆ ಅರ್ಜಿ ನನಗೆ ಚೆನ್ನಾಗಿ ನೆನಪಿದೆ. ಆದಾಯದ ದಾಖಲೆ ಇಲ್ಲವೆಂದು ಮೊದಲು ತಿರುಗಿಸಿದರು. ತಂದುಕೊಟ್ಟೆವು. ಅದು ಹಳೆಯದೆಂದರು. ಹೊಸದು ಕೊಟ್ಟರೆ ಮುದ್ರೆ ಮಸುಕಾಗಿದೆ ಎಂದರು. ತಿರುಗಿಸಿದ ಸಾಹೇಬನ ಹೆಸರನ್ನು ನಾನು ಮರೆತಿಲ್ಲ. ಈಗ ಅವನೂ ನಿವೃತ್ತನಾಗಿ ಪಿಂಚಣಿಗಾಗಿ ಅಲೆಯುತ್ತಿದ್ದಾನೆ. ಹೋದ ತಿಂಗಳು ಅವನ ಅರ್ಜಿಯನ್ನೂ ನಾನೇ ಬರೆದೆ. ಅವನಿಗೆ ನನ್ನ ಗುರುತು ಸಿಗಲಿಲ್ಲ. ನನಗೆ ಸಿಕ್ಕಿತು.

ನಲವತ್ತೊಂದು ವರ್ಷದ ಅನುಭವದಿಂದ ಹೇಳುತ್ತೇನೆ, ಅರ್ಜಿ ಓದುವವನು ನಿನ್ನ ಅಂಕ ನೋಡುವುದಿಲ್ಲ. ತಾನು ಎಷ್ಟು ಎತ್ತರದಲ್ಲಿದ್ದೇನೆ ಎಂದು ನೋಡಿಕೊಳ್ಳುತ್ತಾನೆ. ನೀನು ಎಷ್ಟು ತಗ್ಗಿನಲ್ಲಿ ನಿಲ್ಲುತ್ತೀಯೋ ಅವನ ಕೈ ಅಷ್ಟು ಸುಲಭವಾಗಿ ಸಹಿಗೆ ಬರುತ್ತದೆ. ಇದು ಸರಿಯೆಂದು ನಾನು ಹೇಳುತ್ತಿಲ್ಲ. ಇದರ ವಿರುದ್ಧ ಪತ್ರಿಕೆಗಳ ಓದುಗರ ಅಂಕಣಕ್ಕೆ ಬರೆದೂ ಬರೆದೂ ಬೆರಳು ಸವೆದಿವೆ. ಆದರೆ ಕೆಲಸ ಆಗುವುದು ಹಾಗೆಯೇ. ಒಕ್ಕಣೆ ಹೀಗಿರಲಿ:

"ಮಾನ್ಯ ಮಹೋದಯರ ಸನ್ನಿಧಿಗೆ. ಕೆಳಗೆ ಸಹಿ ಮಾಡಿದ ನಾನು ಪರಿಶಿಷ್ಟ ಜಾತಿಯ ಕಡುಬಡ ಕುಟುಂಬದವಳಿದ್ದು, ತಾಯಿ ಹೊಲದ ಕೂಲಿಯವಳೂ ತಂದೆ ಬಾಡಿಗೆಯ ಟಂಟಂ ಓಡಿಸುವವನೂ ಆಗಿದ್ದು, ತಮ್ಮ ಹೊರತು ನನಗೆ ಅನ್ಯ ಗತಿಯಿಲ್ಲದ ಕಾರಣ, ತಾವು ದೊಡ್ಡ ಮನಸ್ಸು ಮಾಡಿ ತಮ್ಮ ಬಳಿ ಖಾಲಿ ಇರುವ ಜಾಗವನ್ನು ದಯಪಾಲಿಸಬೇಕಾಗಿ ವಿನಂತಿ."

ಎಲ್ಲರಿಗೂ ಇದನ್ನೇ ಕಳಿಸು. ಮೇಲಿನ ಹೆಸರು ಮಾತ್ರ ಬದಲಿಸಿದರೆ ಸಾಕು.

ನೀನು ಕಳಿಸಿದ ಪಟ್ಟಿಯನ್ನು ನಿಘಂಟು ಇಟ್ಟುಕೊಂಡು ಓದುತ್ತಿದ್ದೇನೆ. ಒಂದು ಕಡೆ ಗಾಜಿನ ಬಗ್ಗೆ ಜಾಹೀರಾತಿದೆ. ಗಾಜು ದ್ರವದ ಹಾಗೆ ಅಸ್ತವ್ಯಸ್ತವಾಗಿದ್ದರೂ ಯಾಕೆ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಇನ್ನೂ ಪೂರ್ತಿ ತಿಳಿದಿಲ್ಲ, ಅದನ್ನು ಹುಡುಕಲು ವಿದ್ಯಾರ್ಥಿ ಬೇಕು ಎಂದಿದೆ. ನಾನು ಚಷ್ಮಾ ತೆಗೆದು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ. ಇದು ಖರೆಯೇ? ಇದಕ್ಕೆ ಸಂಬಳ ಕೊಡುತ್ತಾರೆಯೇ?

ಇತಿ
ಇಸ್ಮಾಯಿಲಸಾಬ


ಬೈಲಹೊಂಗಲ
2 ಡಿಸೆಂಬರ್ 2024

ಕಾಕಾ,

ತಡವಾಗಿ ಬರೆಯುತ್ತಿದ್ದೇನೆ. ಬರೆಯಬಾರದೆಂದೇ ಇದ್ದೆ.

ನಿಮ್ಮ ಒಕ್ಕಣೆಯನ್ನು ಮೂವತ್ತೆರಡು ಜನರಿಗೆ ಕಳಿಸಿದೆ. ಗಾಜಿನವರಿಗೆ, ಮೋಡದವರಿಗೆ, ಮೀನಿನವರಿಗೆ, ಔಷಧದವರಿಗೆ, ಎಲ್ಲರಿಗೂ. ಮೂರು ಉತ್ತರ ಬಂದವು. ಒಬ್ಬರು ಬಡ ವಿದ್ಯಾರ್ಥಿಗಳ ನೆರವಿನ ವಿಭಾಗದ ವಿಳಾಸ ಕೊಟ್ಟರು. ಇನ್ನೊಬ್ಬರು, ದಯವಿಟ್ಟು ಜಾತಿ ಪ್ರಮಾಣಪತ್ರವನ್ನು ನನಗೆ ಕಳಿಸಬೇಡಿ, ಕಚೇರಿಗೆ ಕಳಿಸಿ ಎಂದರು. ಮೂರನೆಯದು ಮಣ್ಣಿನ ವಿಜ್ಞಾನಿ ಅನ್ನಪೂರ್ಣಾ ಎಂಬುವರದು. ಅದನ್ನು ಹಾಗೇ ಕನ್ನಡಕ್ಕೆ ಇಳಿಸುತ್ತೇನೆ:

"ನಿಮ್ಮ ಕಷ್ಟಗಳನ್ನು ಓದಿದೆ, ನೋವಾಯಿತು. ಆದರೆ ಇದು ದಾನದ ಜಾಗವಲ್ಲ, ನಾನು ಕೊಡುವವಳೂ ಅಲ್ಲ. ನನಗೆ ಗೊತ್ತಿಲ್ಲದ ಒಂದಿಷ್ಟು ಸಂಗತಿಗಳಿವೆ. ಅವನ್ನು ಹುಡುಕಲು ಜೊತೆಗೊಬ್ಬರು ಬೇಕಾಗಿದ್ದಾರೆ. ನಿಮ್ಮ ಪತ್ರದಲ್ಲಿ ನೀವು ಏನನ್ನು ತಿಳಿಯಬಯಸುತ್ತೀರಿ ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಅಂಥ ಸಾಲು ಸಿಕ್ಕ ದಿನ ಬರೆಯಿರಿ."

ಓದಿ ನಾಚಿಕೆಯಾಯಿತು. ನಿಮ್ಮ ಮೇಲೆ ಸಿಟ್ಟು ಬಂತು, ಆಮೇಲೆ ಕೇಳಿ ಬರೆಸಿದ ನನ್ನ ಮೇಲೆ. ನನ್ನ ಅವ್ವನ ಕೂಲಿಯನ್ನು ಗೊತ್ತಿಲ್ಲದ ಮೂವತ್ತೆರಡು ಜನರ ಮುಂದೆ ಹರವಿ ಬಂದ ಹಾಗಾಯಿತು. ಇನ್ನು ಏಳು ತಿಂಗಳಿದೆ.

ಪ್ರಜ್ಞಾ


ಸವದತ್ತಿ
20 ಜನವರಿ 2025

ಮಗಳೇ,

ನಿನ್ನ ಕಾಗದ ಬಂದ ಮೇಲೆ ಹನ್ನೆರಡು ದಿನ ನಾನು ಮರದ ಕೆಳಗೆ ಕೂಡಲಿಲ್ಲ. ಜನ ಜ್ವರವಿರಬೇಕೆಂದುಕೊಂಡರು.

ಆ ಅನ್ನಪೂರ್ಣಾ ತಾಯಿ ಬರೆದದ್ದನ್ನು ಬಾಯಿಪಾಠವಾಗುವಷ್ಟು ಸಲ ಓದಿದೆ. ನಲವತ್ತೊಂದು ವರ್ಷದಲ್ಲಿ ನಾನು ಎಷ್ಟು ಜನರನ್ನು ತಗ್ಗಿಸಿ ಬರೆದಿದ್ದೇನೆ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ. ಕಟ್ಟುಮಸ್ತಾದ ಹಮಾಲರನ್ನು "ನಿರ್ಗತಿಕ" ಎಂದೆ. ಇಡೀ ಓಣಿಯನ್ನು ಬೈದು ನಿಲ್ಲಿಸುವ ಹೆಂಗಸರನ್ನು "ಅಬಲೆ" ಎಂದೆ. ಅವರು ಓದಲು ಬಾರದವರು. ತಮ್ಮ ಬಗ್ಗೆ ನಾನೇನು ಬರೆದೆ ಎಂದು ತಿಳಿಯದೆ ಹೆಬ್ಬೆಟ್ಟು ಒತ್ತಿದರು. ತಗ್ಗದವರ ಅರ್ಜಿಯನ್ನು ಮುಟ್ಟದ ಕಚೇರಿಗಳು ನನಗೆ ಈ ವಿದ್ಯೆ ಕಲಿಸಿದವು. ನಿಜ. ಆದರೆ ಕಲಿತವನು ನಾನು. ನಿನ್ನ ಅವ್ವ ಮರೆವ್ವನ ಹೆಸರನ್ನು ಹಾಗೆ ಬಳಸಿದ್ದಕ್ಕೆ ನಿನ್ನಲ್ಲಿ ಮಾಫಿ ಕೇಳುತ್ತೇನೆ. ಅವಳಲ್ಲಿಯೂ ಕೇಳುವೆ.

ಈಗ ಇನ್ನೊಂದು ಮಾತು. ನಿನ್ನ ಪಟ್ಟಿಯನ್ನು ನಾನು ಬಿಡಲಿಲ್ಲ. ಅರವತ್ತು ವರ್ಷದಿಂದ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಓದಿದ್ದೆಲ್ಲ ಮನುಷ್ಯನಿಗೆ ಗೊತ್ತಾಗಿರುವ ಸಂಗತಿ. ಇದೊಂದೇ ಗೊತ್ತಿಲ್ಲದ್ದರ ಪಟ್ಟಿ. ಮೋಡದೊಳಗಿನ ಸಣ್ಣ ಹನಿ ಅಷ್ಟು ಬೇಗ ಮಳೆಹನಿಯ ಗಾತ್ರಕ್ಕೆ ಹೇಗೆ ಬೆಳೆಯುತ್ತದೆ? ಇದಕ್ಕೆ ಒಬ್ಬರು ಬೇಕು. ಪ್ರಾಣಿಗಳು ಯಾಕೆ ನಿದ್ದೆ ಮಾಡಲೇಬೇಕು? ಇದಕ್ಕೆ ಇಬ್ಬರು. ವಿಶ್ವದಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಕಾಣದ ಪದಾರ್ಥವೇ ಎಷ್ಟೋ ಪಟ್ಟು ಹೆಚ್ಚಿದೆ, ಅದೇನು? ಇದಕ್ಕೆ ಎಂಟು ಜನ, ಕೊನೆಯ ದಿನಾಂಕದೊಂದಿಗೆ.

ಮೊನ್ನೆ ಮರದ ಕೆಳಗೆ ಇದನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದಿದೆ. ವಿಧವಾ ವೇತನಕ್ಕೆ ಬಂದಿದ್ದ ಉಗರಗೋಳದ ಪದ್ಮವ್ವ ನನ್ನ ಕಿವಿಗೆ ಬಾಯಿ ಹಚ್ಚಿ ಕೇಳಿದಳು.

"ಇಷ್ಟ ಶಾಣ್ಯಾರಿಗೂ ನಿದ್ದಿ ಯಾಕ ಬರತೈತಿ ಅನ್ನೂದು ಗೊತ್ತಿಲ್ಲೇನ್ರಿ?"

"ಪೂರ್ತಿ ಗೊತ್ತಿಲ್ಲವಾ."

"ಗೊತ್ತಿಲ್ಲಂತ ತಾವ ಬರದ ಹಾಕ್ಯಾರ?"

"ಹಾಕ್ಯಾರ. ಹೆಸರು, ವಿಳಾಸ ಸುದ್ದಾ ಕೊಟ್ಟಾರ."

ಪದ್ಮವ್ವ ಸೆರಗು ಸರಿ ಮಾಡಿಕೊಂಡು ಕಚೇರಿಯ ಕಡೆ ನೋಡಿದಳು. "ಇಲ್ಲಿ ಕಾರಕೂನಗ ತನ್ನ ಕಪಾಟದಾಗ ಏನೈತಿ ಅನ್ನೂದು ಗೊತ್ತಿಲ್ಲ. ಕೇಳಿದರ ಮೈಮ್ಯಾಲ ಬರತಾನ. ಅವರು ದೊಡ್ಡ ಮಂದಿ ಬಿಡ್ರಿ."

ಅರ್ಜಿಗೆ ಬಂದವರೆಲ್ಲ ಇನ್ನೊಂದು ಓದ್ರಿ, ಇನ್ನೊಂದು ಓದ್ರಿ ಎಂದು ಬಸ್ಸು ತಪ್ಪಿಸಿಕೊಂಡು ಕುಳಿತರು.

ಈಗ ನೀನೇ ಬರೆ. ನಿನಗೆ ಏನು ಗೊತ್ತಿಲ್ಲ? ಏನು ತಿಳಿಯಬೇಕಾಗಿದೆ? ಕನ್ನಡದಲ್ಲೇ ಬರೆದು ನನಗೆ ತೋರಿಸು. ನಾನು ಒಂದು ಶಬ್ದ ಸೇರಿಸುವುದಿಲ್ಲ.

ಇಸ್ಮಾಯಿಲಸಾಬ


ಬೈಲಹೊಂಗಲ
9 ಫೆಬ್ರವರಿ 2025

ಕಾಕಾ,

ಮಾಫಿಯ ಮಾತು ಬಿಡಿ. ನೀವು ಬರೆದ ಅರ್ಜಿಯಿಂದಲೇ ನಾನು ಓದಿದವಳು.

ಆದರೆ ನನ್ನಲ್ಲಿ ಪ್ರಶ್ನೆಯೇ ಇಲ್ಲ. ಹದಿನೈದು ದಿನ ಬಿಳಿ ಹಾಳೆ ಇಟ್ಟುಕೊಂಡು ಕುಳಿತೆ. ಹದಿನೇಳು ವರ್ಷ ಉತ್ತರಗಳನ್ನೇ ಕಲಿತಿದ್ದೇನೆ. ಎರಡು ಅಂಕದ ಉತ್ತರ, ಐದು ಅಂಕದ ಉತ್ತರ, ಹತ್ತು ಅಂಕದ ಉತ್ತರ. ಪ್ರಶ್ನೆ ಯಾವಾಗಲೂ ಬೇರೆಯವರದು, ಅಚ್ಚಾಗಿ ಬರುತ್ತಿತ್ತು. ಬಹುಶಃ ನಾನು ಇದಕ್ಕೆ ಹುಟ್ಟಿದವಳಲ್ಲ. ಲ್ಯಾಬಿನಲ್ಲಿ ಕೆಲಸ ಖಾಯಂ ಮಾಡುತ್ತೇವೆ ಎನ್ನುತ್ತಿದ್ದಾರೆ. ಹೂಂ ಅಂದುಬಿಡಲೇ?

ಪ್ರಜ್ಞಾ


ಸವದತ್ತಿ
15 ಫೆಬ್ರವರಿ 2025

ಮಗಳೇ, ಕಾರ್ಡಿನಲ್ಲಿ ಇಷ್ಟೇ ಹಿಡಿಯುತ್ತದೆ. ಹೂಂ ಅನ್ನಬೇಡ. ಊರಿಗೆ ಹೋಗಿ ನಿನ್ನ ಅವ್ವನನ್ನು ಕೇಳು, ಸಣ್ಣಾಕಿದ್ದಾಗ ಏನು ಕೇಳಿ ಕೇಳಿ ಬೈಸಿಕೊಳ್ಳುತ್ತಿದ್ದೆ ಎಂದು. ಬೈಗುಳ ನೆನಪಿರುವವರಿಗೆ ಪ್ರಶ್ನೆಯೂ ನೆನಪಿರುತ್ತದೆ.

ಇಸ್ಮಾಯಿಲಸಾಬ


ಮುನವಳ್ಳಿ
23 ಮಾರ್ಚ್ 2025

ಕಾಕಾ ಅವರಿಗೆ,

ಯುಗಾದಿ ಮುಂದಿದೆ, ಲ್ಯಾಬಿಗೆ ರಜೆ ಹಾಕಿ ಊರಿಗೆ ಬಂದೆ. ಹಿಂಗಾರಿ ಜೋಳ ಕಿತ್ತಾಗಿದೆ. ಅವ್ವ ಬೇರೆಯವರ ಎರಿಹೊಲದಲ್ಲಿ ಒಣ ದಂಟು ಒಟ್ಟುಮಾಡಿ ಕಣಕಿಯ ಸಿವುಡು ಕಟ್ಟುತ್ತಿದ್ದಳು. ಬಿಸಿಲಿಗೆ ಕಪ್ಪು ಎರಿಮಣ್ಣು ಬಿರಿದು ಪಾದ ಇಳಿಯುವಷ್ಟು ಬಾಯಿ ಬಿಟ್ಟಿತ್ತು. ಬುತ್ತಿ ಬಿಚ್ಚಿದಾಗ ನಿಮ್ಮ ಮಾತು ಕೇಳಿದೆ.

ಅವ್ವ ರೊಟ್ಟಿ ಮುರಿಯುತ್ತ ಅಂದಳು, "ಏನ ಕೇಳತಿದ್ದಿ? ಕುಡಗೋಲು ಎಲ್ಲಿ ಹೋತು, ಕುಡಗೋಲು ಎಲ್ಲಿ ಹೋತು ಅಂತ ವರ್ಷಗಟ್ಟಲೆ ನನ್ನ ತಲಿ ತಿಂದಿ."

ಕೇಳಿದ ಕೂಡಲೇ ಎಲ್ಲ ನೆನಪಾಯಿತು. ಎಂಟು ವರ್ಷದವಳಿದ್ದೆ. ಅವ್ವನ ಕುಡಗೋಲು ಹಿಡಿದು ಆಡುವಾಗ ಅದು ಬಿರುಕಿನಲ್ಲಿ ಜಾರಿತು. ಭುಜದ ತನಕ ಕೈ ಹಾಕಿದೆ, ಸಿಗಲಿಲ್ಲ. ಅವ್ವ ಗುದ್ದಲಿ ತಂದು ಅಗೆದಳು, ಸಿಗಲಿಲ್ಲ. ಮಳೆಗಾಲದಲ್ಲಿ ಬಿರುಕು ಮುಚ್ಚಿತು. ಮರು ಬೇಸಿಗೆಗೆ ಆ ಜಾಗವನ್ನೇ ನಾನು ಹುಡುಕಿದೆ. ಬಿರುಕು ಅಲ್ಲಿರಲಿಲ್ಲ, ಒಂದು ಮಾರು ಆಚೆ ಬಿಟ್ಟಿತ್ತು.

"ನಂಗೇನ ಹೇಳತಿದ್ದಿ ನೀ?" ಎಂದೆ ಅವ್ವನಿಗೆ.

"ಏನ ಹೇಳಲಿ? ಎರಿ ತನ್ನ ತಾನ ಉಣ್ಣತೈತಿ, ಸುಮ್ನಿರು ಅಂತಿದ್ದೆ."

ಊಟ ಮಾಡಿ ಎದ್ದು, ಒಣಗಿದ ಹತ್ತಿಕಟ್ಟಿಗೆಯನ್ನು ಬಿರುಕಿನಲ್ಲಿ ಇಳಿಬಿಟ್ಟೆ. ಎದೆಯುದ್ದದ ಕಟ್ಟಿಗೆ ಪೂರ್ತಿ ಹೋಯಿತು, ತಳ ಮುಟ್ಟಲಿಲ್ಲ. ಅಂಚಿನಿಂದ ಸಡಿಲ ಮಣ್ಣು, ಜೋಳದ ಎಲೆಯ ಚೂರು, ಒಂದು ಇರುವೆ ಉದುರಿ ಒಳಗೆ ಹೋದವು. ಆಗ ನನ್ನ ಮೈ ಜುಮ್ಮೆಂದಿತು ಕಾಕಾ. ಮೂರು ವರ್ಷದಿಂದ ನಾನು ಪರೀಕ್ಷೆ ಮಾಡುತ್ತಿರುವುದು ಮೇಲಿನ ಒಂದು ಗೇಣು ಮಣ್ಣನ್ನು ಮಾತ್ರ. ಹೊಲವೆಂದರೆ ಅಷ್ಟೇ ಎಂದುಕೊಂಡಿದ್ದೆ. ಮೇಲಿನದು ವರ್ಷ ವರ್ಷವೂ ಹೀಗೆ ಉದುರಿ ಕೆಳಗೆ ಹೋದರೆ, ಕೆಳಗಿನದು ಎಲ್ಲಿಗೆ ಹೋಗುತ್ತದೆ? ಇಲ್ಲಿ ನಿಂತಿರುವ ನೆಲ ನಿಂತಿದೆಯೋ, ನಿಧಾನವಾಗಿ ತಿರುಗುತ್ತಿದೆಯೋ?

ಅನ್ನಪೂರ್ಣಾ ಮೇಡಂ ಅವರಿಗೆ ಒಂದು ಪುಟ ಬರೆದಿದ್ದೇನೆ. ಬಿರುಕಿಗೆ ಬಿದ್ದ ಎಲೆ ಎಷ್ಟು ಆಳಕ್ಕೆ ಹೋಗುತ್ತದೆ, ಅಲ್ಲಿ ಎಷ್ಟು ವರ್ಷ ಇರುತ್ತದೆ, ಮತ್ತೆ ಮೇಲೆ ಬರುತ್ತದೆಯೇ ಎಂಬುದು ನನ್ನ ಪ್ರಶ್ನೆ. ಇದರ ಜೊತೆ ಇದೆ. ನೋಡಿ ಕಳಿಸಿ.

ನಿಮ್ಮ
ಪ್ರಜ್ಞಾ


ಸವದತ್ತಿ
28 ಮಾರ್ಚ್ 2025

ಮಗಳೇ,

ನಿನ್ನ ಪುಟ ತಿರುಗಿ ಕಳಿಸಿದ್ದೇನೆ. ಕೊನೆಗೆ "ತಾವು ದೊಡ್ಡ ಮನಸ್ಸು ಮಾಡಿ" ಎಂದಿತ್ತು. ಅದು ನಿನ್ನದಲ್ಲ, ನನ್ನದು. ಅದನ್ನು ಹೊಡೆದುಹಾಕಿದೆ. ಬೇರೆ ಏನನ್ನೂ ಮುಟ್ಟಿಲ್ಲ.

ಎಪ್ಪತ್ತೆರಡು ವರ್ಷ ಈ ಎರಿಮಣ್ಣಿನ ಸೀಮೆಯಲ್ಲಿ ನಡೆದಾಡಿದ್ದೇನೆ. ಅದಕ್ಕಾಗಿ ನಡೆದ ವ್ಯಾಜ್ಯಗಳ ಅರ್ಜಿ ಬರೆದಿದ್ದೇನೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಇಂಥವರ ಬದು ಎಂದು ನಾಲ್ಕೂ ದಿಕ್ಕಿನ ಚಕಬಂದಿ ಬರೆದೆ. ಕೆಳಗೆ ಏನಿದೆ ಎಂದು ಬರೆಯುವ ಅಂಕಣ ಯಾವ ಕಾಗದದಲ್ಲಿಯೂ ಇರಲಿಲ್ಲ, ನನಗೂ ಹೊಳೆಯಲಿಲ್ಲ. ನಿನ್ನೆ ಕೋಲು ಊರಿಕೊಂಡು ಊರ ಹೊರಗೆ ಹೋಗಿ ಒಂದು ಬಿರುಕಿನ ಅಂಚಿನಲ್ಲಿ ಕುಳಿತೆ. ಬಹಳ ಹೊತ್ತು ಕುಳಿತೆ.

ಇಂದೇ ಕಳಿಸು.

ಇಸ್ಮಾಯಿಲಸಾಬ


ಬೈಲಹೊಂಗಲ
27 ಜೂನ್ 2025

ಕಾಕಾ,

ಆಯಿತು. ಮೂರು ದಿನ ಉಳಿದಿರುವಾಗ ಆಯಿತು. ನಿನ್ನೆ ಸಂಜೆ ಅನ್ನಪೂರ್ಣಾ ಮೇಡಂ ಅವರ ಒಪ್ಪಿಗೆ ಪತ್ರ ಬಂತು, ಇಂದು ಬೆಳಿಗ್ಗೆ ಎಲ್ಲ ದಾಖಲೆ ಕಳಿಸಿದೆ. ಮುಂದಿನ ತಿಂಗಳು ಹೋಗಿ ಸೇರಬೇಕು.

ಸಂದರ್ಶನ ಕಂಪ್ಯೂಟರಿನಲ್ಲಿ ನಡೆಯಿತು. ನಾಲ್ಕು ಜನರಿದ್ದರು. ಒಬ್ಬರು, ಬಿರುಕಿನ ಜಾಗ ಬದಲಾಗುತ್ತದೆ ಎಂದಿದ್ದೀರಿ, ಎಲ್ಲಿ ಓದಿದಿರಿ ಎಂದು ಕೇಳಿದರು. ಓದಿಲ್ಲ, ಕುಡಗೋಲು ಹುಡುಕುವಾಗ ನೋಡಿದೆ ಎಂದೆ. ಅವರು ನಕ್ಕರು, ಆದರೆ ಅದು ಹೀಯಾಳಿಸುವ ನಗುವಲ್ಲ. ನಂತರ ಅನ್ನಪೂರ್ಣಾ ಮೇಡಂ ಕೇಳಿದರು, ಆಳಕ್ಕೆ ಹೋದ ಎಲೆ ಅಲ್ಲಿ ಎಷ್ಟು ವರ್ಷ ಉಳಿಯುತ್ತದೆ ಎಂದು ನಿಮಗನಿಸುತ್ತದೆ? ಇಂಥದಕ್ಕೆ ಏನಾದರೊಂದು ಹೇಳಿ ಬಿಡುವುದು ನನ್ನ ರೂಢಿ. ಆ ದಿನ, ಗೊತ್ತಿಲ್ಲ ಎಂದೆ.

ಅವರು ಮುಂದಕ್ಕೆ ಬಾಗಿದರು. "ನನಗೂ ಗೊತ್ತಿಲ್ಲ. ಸಾವಿರ ವರ್ಷವೂ ಆಗಬಹುದು" ಎಂದರು. ಆ ಮಾತು ಹೇಳುವಾಗ ಅವರ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ, ಅಷ್ಟು ಓದಿದ ಮನುಷ್ಯರು ಅಷ್ಟು ಸಂತೋಷದಿಂದ ಗೊತ್ತಿಲ್ಲ ಎನ್ನುವುದನ್ನು ನಾನು ಎಂದೂ ನೋಡಿರಲಿಲ್ಲ.

ಬಿರುಕು ಬಿಡುವ ಕಾಲಕ್ಕೆ ಮುನವಳ್ಳಿಗೇ ಬಂದು ಕುಣಿ ಅಗೆದು ನೋಡೋಣ ಎಂದಿದ್ದಾರೆ. ಹೊಲದವರು ಒಪ್ಪಿದ್ದಾರೆ. ಅವ್ವನಿಗೆ ಹೇಳಿದೆ. "ಅಷ್ಟ ದೂರ ಹೋಗಿ ಕಲತು ಮತ್ತ ಇಲ್ಲೇ ಮಣ್ಣ ಅಗ್ಯಾಕ ಬರತಿಯೇನ?" ಎಂದಳು. ಮುಖ ತಿರುಗಿಸಿಕೊಂಡು ಅಂದಳು, ನಗುತ್ತಿದ್ದಳೋ ಏನೋ ಕಾಣಲಿಲ್ಲ.

ನಿಮ್ಮ
ಪ್ರಜ್ಞಾ


ಸವದತ್ತಿ
11 ಮಾರ್ಚ್ 2026

ಮಗಳೇ,

ಮೊನ್ನೆ ನಿನ್ನ ಕುಣಿ ನೋಡಲು ನನ್ನನ್ನು ಕರೆಸಿಕೊಂಡದ್ದಕ್ಕೆ ಬಹಳ ಸಂತೋಷ. ಲಗಮಪ್ಪ ತನ್ನ ಟಂಟಂನಲ್ಲಿ ನನ್ನನ್ನು ಗಾಜಿನ ಸಾಮಾನಿನ ಹಾಗೆ ಒಯ್ದು ತಂದ. ನಿನ್ನ ಮೇಡಂ ನನ್ನ ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ವಿವರಿಸಿದರು. ಬೇಸಿಗೆಗೆ ಬಿರಿದ ಮಣ್ಣು ಮಳೆಗೆ ಉಬ್ಬಿ, ಒಳಗೆ ಜಾಗ ಸಾಲದೆ ಒಂದಕ್ಕೊಂದು ಉಜ್ಜಿಕೊಂಡು ಆಳದಲ್ಲಿ ಹೊಳಪು ಬರುತ್ತದೆಂದು ತೋರಿಸಿದರು. ಆರು ಅಡಿ ಕೆಳಗೆ ಆ ಕಪ್ಪು ಗೋಡೆ, ಎಣ್ಣೆ ಹಚ್ಚಿ ತಿಕ್ಕಿದ ಹಾಗೆ, ಬಿಸಿಲಿಗೆ ಹೊಳೆಯುತ್ತಿತ್ತು.

ಆದರೆ ಈ ಕಾಗದ ಬರೆಯುತ್ತಿರುವುದು ನೀನು ನೋಡದ ಒಂದು ಸಂಗತಿ ಹೇಳಲು.

ನೀವೆಲ್ಲ ಮಣ್ಣಿನ ಚೀಲಗಳನ್ನು ಹೊತ್ತು ರಸ್ತೆಯಲ್ಲಿದ್ದ ಜೀಪಿನ ಕಡೆ ಹೋದಿರಿ. ಕುಣಿಯ ಹತ್ತಿರ ನಾನು ಮತ್ತು ಮರೆವ್ವ ಇಬ್ಬರೇ. ಹಳೆಯ ಅರ್ಜಿಯ ಮಾತು ತೆಗೆದು ಮಾಫಿ ಕೇಳಬೇಕೆಂದಿದ್ದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ನಿಚ್ಚಣಿಕೆ ಹಿಡಿದು ಒಳಗೆ ಇಳಿದುಬಿಟ್ಟಳು. ಅವಳ ತಲೆ ನೆಲದಿಂದ ಕೆಳಗೆ ಹೋಯಿತು. ಅಂಗೈಯನ್ನು ಹೊಳೆಯುವ ಗೋಡೆಗೆ ಇಟ್ಟಳು. ಮೊದಲು ಒಂದು, ಆಮೇಲೆ ಎರಡೂ. ನಂತರ ಕೆನ್ನೆ ಇಟ್ಟಳು.

"ತಂಪೈತ್ರಿ," ಎಂದು ನನಗೆ ಕೇಳುವಂತೆ ಕೂಗಿದಳು. "ಮೂವತ್ತ ವರ್ಷ ಇದರ ಮ್ಯಾಲ ಕಸಾ ತಗದೇನಿ. ಒಳಗ ಹಿಂಗ ಇರತೈತಂತ ಯಾರೂ ಹೇಳಲಿಲ್ಲ."

"ಯಾರಿಗೂ ಗೊತ್ತಿರಲಿಲ್ಲವಾ," ಎಂದೆ.

"ನನ್ನ ಮಗಳು ಕೇಳಿದ್ಲಲ್ಲ."

ದೂರದಲ್ಲಿ ನೀನು ಬಾ ಎಂದು ಕೈ ಬೀಸುತ್ತಿದ್ದೆ. ಜೀಪು ಹೊರಡುವುದರಲ್ಲಿತ್ತು. ನಿಚ್ಚಣಿಕೆ ಅಲುಗಾಡಿಸಿ, "ಮ್ಯಾಲ ಬಾರವಾ, ಕರಿಯಾಕತ್ತಾರ" ಎಂದೆ. ಅವಳು ತಲೆ ಎತ್ತಲಿಲ್ಲ. ಗೋಡೆಯ ಉದ್ದಕ್ಕೂ ಕೈಯಾಡಿಸುತ್ತ ಆ ಮೂಲೆಯಿಂದ ಈ ಮೂಲೆಗೆ ಮೆಲ್ಲಗೆ ನಡೆದಳು.

"ತಡೀರಿ," ಎಂದಳು. "ನಾ ಇನ್ನಾ ನೋಡಾಕತ್ತೇನಿ."

ಜೀಪು ತಡವಾದದ್ದು ಅದಕ್ಕೆ.

ಇಸ್ಮಾಯಿಲಸಾಬ